ಮಹಾಡ್‌ನ ಕೆಂಪು ಚೇಳು: ಒಂದು ತಾಲ್ಲೂಕಿನ ಪ್ರಕರಣ ಅಧ್ಯಯನ

ಮಹಾರಾಷ್ಟ್ರದ ರಾಯಗಡ ಜಿಲ್ಲೆಯಲ್ಲಿ, ಸಾವಿತ್ರಿ ನದಿಯ ದಂಡೆಯ ಮೇಲೆ ಮಹಾಡ್ ಎಂಬ ತಾಲ್ಲೂಕು ಕೇಂದ್ರವಿದೆ. ಮುಂಬೈಯಿಂದ ಗೋವಾ, ಕಾರವಾರ, ಮಂಗಳೂರುಗಳ ಕಡೆಗೆ ಬರುವ ರಾಷ್ಟ್ರೀಯ ಹೆದ್ದಾರಿ 66 ಈ ಊರನ್ನು ಹಾದೇ ಬರುತ್ತದೆ. 1927ರಲ್ಲಿ ಡಾ. ಬಿ.ಆರ್. ಅಂಬೇಡ್ಕರ್ ಅವರು ನಡೆಸಿದ ಚವದಾರ್ ಕೆರೆ ಸತ್ಯಾಗ್ರಹದಿಂದ ಊರಿನ ಹೆಸರು ದೇಶಕ್ಕೆಲ್ಲ ಪರಿಚಿತ. ವೈದ್ಯಲೋಕ ಈ ಊರನ್ನು ಇನ್ನೊಂದು ಕಾರಣಕ್ಕೆ ಬಲ್ಲದು. ಕೆಂಪು ಚೇಳು ಕುಟುಕಿ ಆಸ್ಪತ್ರೆ ಸೇರಿದ ತೀವ್ರ ರೋಗಿಗಳಲ್ಲಿ ನೂರಕ್ಕೆ ಮೂವತ್ತರವರೆಗೆ ಸಾಯುತ್ತಿದ್ದ ಕಾಲದಿಂದ, ಸಾವು ನೂರಕ್ಕೆ ಒಂದರ ಆಸುಪಾಸಿಗೆ ಇಳಿದ ಕಾಲದವರೆಗಿನ ಇಡೀ ದಾರಿಯನ್ನು ಈ ಒಂದೇ ತಾಲ್ಲೂಕಿನಲ್ಲಿ ನಿಂತು ನೋಡಬಹುದು. ಆ ದಾರಿಯನ್ನು ಪರಿಶೀಲಿಸುವುದು ಈ ಅಧ್ಯಯನದ ಉದ್ದೇಶ. ಇಲ್ಲಿ ಜೀವ ಉಳಿಸಿದ್ದು ಹಾಸಿಗೆಯ ಪಕ್ಕ ರಾತ್ರಿಯಿಡೀ ಕೂತು ಬರೆದಿಟ್ಟ ಟಿಪ್ಪಣಿ ಮತ್ತು ಅರ್ಧ ತುಂಡು ಮಾತ್ರೆ. ಎರಡೂ ಯಾವ ಪ್ರಾಥಮಿಕ ಆರೋಗ್ಯ ಕೇಂದ್ರದ ಕೈಗಾದರೂ ಎಟಕುವಂಥವು. ಹಾಗಾಗಿಯೇ ಈ ಪ್ರಕರಣ ಉಷ್ಣವಲಯದ ಬೇರೆ ಊರುಗಳಿಗೂ, ನಮ್ಮ ಬಯಲುಸೀಮೆಯ ಊರುಗಳಿಗೂ ಸಲ್ಲುತ್ತದೆ.

ಸಮಸ್ಯೆಯ ಗಾತ್ರವನ್ನು ಮೊದಲು ಹೇಳಿಬಿಡಬೇಕು. 2008ರಲ್ಲಿ ಪ್ರಕಟವಾದ ಜಾಗತಿಕ ಅಂದಾಜಿನ ಪ್ರಕಾರ ವರ್ಷಕ್ಕೆ ಸುಮಾರು 12 ಲಕ್ಷ ಜನರನ್ನು ಚೇಳು ಕುಟುಕುತ್ತದೆ, 3,250ಕ್ಕೂ ಹೆಚ್ಚು ಜನ ಸಾಯುತ್ತಾರೆ, ಮತ್ತು ಸುಮಾರು 230 ಕೋಟಿ ಜನ ಅಪಾಯವಿರುವ ಪ್ರದೇಶಗಳಲ್ಲಿ ಬದುಕುತ್ತಿದ್ದಾರೆ. ಆ ಪ್ರದೇಶಗಳ ಪಟ್ಟಿಯಲ್ಲಿ ಉತ್ತರ ಆಫ್ರಿಕ, ಸಹೇಲ್, ಮಧ್ಯಪ್ರಾಚ್ಯ, ಮೆಕ್ಸಿಕೊ, ಆಂಡಿಸ್ ಪರ್ವತದ ಪೂರ್ವಕ್ಕಿರುವ ದಕ್ಷಿಣ ಅಮೆರಿಕದ ಜೊತೆಗೆ ದಕ್ಷಿಣ ಭಾರತದ ಹೆಸರೂ ಇದೆ. ಇವು ಆಸ್ಪತ್ರೆಯ ದಫ್ತರದಲ್ಲಿ ದಾಖಲಾದದ್ದನ್ನು ಆಧರಿಸಿದ ಅಂದಾಜುಗಳು. ಗುಡ್ಡದ ಮೇಲಿನ ವಾಡಿಯಿಂದ ಕಂಬಳಿಯಲ್ಲಿ ಹೊತ್ತು ತರುವಾಗ ದಾರಿಯಲ್ಲೇ ಪ್ರಾಣಬಿಟ್ಟ ಮಗು ಯಾವ ದಫ್ತರಕ್ಕೂ ಸೇರುವುದಿಲ್ಲ.

ಊರು ಮತ್ತು ಜೀವಿ

ಕೊಂಕಣದ ನೆಲ ಜಂಬಿಟ್ಟಿಗೆಯದು. ಕೆಂಪಗೆ, ತೂತುತೂತಾಗಿ, ಸಂದುಗೊಂದುಗಳಿಂದ ತುಂಬಿದ ಕಲ್ಲು. ಬಿಸಿಲು ಹೆಚ್ಚು, ತೇವವೂ ಹೆಚ್ಚು. ಜನ ಭತ್ತ ಬೆಳೆಯುತ್ತಾರೆ. ಮನೆಯ ಪಕ್ಕದಲ್ಲಿ ಸೌದೆಯ ಒಟ್ಟಿಲು, ಹಿತ್ತಿಲಲ್ಲಿ ಹುಲ್ಲಿನ ಬಣವೆ, ಮೇಲೆ ಹೆಂಚು, ಕೆಳಗೆ ಸಗಣಿ ಸಾರಿಸಿದ ನೆಲ. ಚೇಳಿಗೆ ಬೇಕಾದದ್ದೆಲ್ಲ ಇಲ್ಲಿದೆ. ಹಗಲೆಲ್ಲ ಸಂದಿಯಲ್ಲಿ ಅಡಗಿರುವ ಅದು ಕತ್ತಲಾದ ಮೇಲೆ ಹುಳುಹುಪ್ಪಟೆ ಹುಡುಕಿಕೊಂಡು ಹೊರಬರುತ್ತದೆ. ಮನುಷ್ಯನನ್ನು ಅರಸಿ ಬಂದು ಕುಟುಕುವ ಜೀವಿ ಇದಲ್ಲ. ಬರಿಗಾಲಿನ ಕೆಳಗೆ ಸಿಕ್ಕಾಗ, ಬೆಳಗಿನ ಜಾವ ಸೌದೆ ಎಳೆಯುವ ಕೈಗೆ ತಗುಲಿದಾಗ, ನೆಲದ ಮೇಲೆ ಚಾಪೆ ಹಾಸಿ ಮಲಗಿದ ಮಗು ಹೊರಳಿದಾಗ ಅದರ ಕೊಂಡಿ ಏಳುತ್ತದೆ. ಆದ್ದರಿಂದಲೇ ಕುಟುಕು ಹೆಚ್ಚಾಗಿ ಕೈಬೆರಳಿಗೆ, ಪಾದಕ್ಕೆ; ಮತ್ತು ಅದು ಹೆಚ್ಚಾಗಿ ಬಡವರ ಮನೆಯ ಕಾಯಿಲೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತಿದ್ದಬೇಕಾಗಿದೆ, ಏಕೆಂದರೆ ಅದು ನಮ್ಮಲ್ಲೂ ಬಲವಾಗಿದೆ. ಜನ ಹೆದರುವುದು ಕರಿಚೇಳಿಗೆ. ಅಂಗೈಯಷ್ಟು ಉದ್ದ, ಏಡಿಯಂಥ ದಪ್ಪ ಕೈಗಳಿರುವ ಆ ಜೀವಿಯನ್ನು ಕಂಡರೆ ಯಾರಿಗೂ ಎದೆ ಝಲ್ಲೆನ್ನುತ್ತದೆ. ಆದರೆ ಅದರ ವಿಷ ಸಾಮಾನ್ಯವಾಗಿ ನೋವಿಗೆ ಮಾತ್ರ ಕಾರಣವಾಗುತ್ತದೆ. ಕೊಲ್ಲುವ ಚೇಳು ಅದಕ್ಕಿಂತ ಸಣ್ಣದು. ಬಣ್ಣ ಹಳದಿಯಿಂದ ಕೆಂಗಂದಿನವರೆಗೆ. ಕೈಗಳು ಸಪೂರ, ಬಾಲ ದಪ್ಪ. ಪ್ರಾಣಿಶಾಸ್ತ್ರದಲ್ಲಿ ಇದಕ್ಕೆ ಈಗಿನ ಹೆಸರು ಹಾಟೆಂಟೊಟ್ಟಾ ಟಮುಲಸ್. ಹಳೆಯ ವೈದ್ಯಕೀಯ ಬರಹಗಳಲ್ಲಿ ಬ್ಯೂಥಸ್ ಅಥವಾ ಮೆಸೊಬ್ಯೂಥಸ್ ಟಮುಲಸ್ ಎಂದು ಕಾಣಿಸುತ್ತದೆ. ಕೈ ದಪ್ಪಗಿದ್ದು ಬಾಲ ಸಪೂರವಾಗಿದ್ದರೆ ಅಪಾಯ ಕಡಿಮೆ, ಕೈ ಸಪೂರವಾಗಿದ್ದು ಬಾಲ ದಪ್ಪಗಿದ್ದರೆ ಹುಷಾರು ಎಂಬುದು ನೆನಪಿಡಲು ಸುಲಭವಾದ ಗುರುತು. ಆದರೂ ಚೇಳನ್ನು ಹುಡುಕುತ್ತಾ ಹೊತ್ತು ಕಳೆಯುವುದಕ್ಕಿಂತ ರೋಗಿಯನ್ನು ನೋಡುವುದು ಮುಖ್ಯ.

ಒಂದು ರಾತ್ರಿಯಲ್ಲಿ ನಡೆಯುವುದು

ಮಹಾಡ್ ಪ್ರದೇಶದಲ್ಲಿ ದಾಖಲಾದ ಲಕ್ಷಣಗಳನ್ನು ಕಾಲಾನುಕ್ರಮದಲ್ಲಿ ಇಟ್ಟು ನೋಡಿದರೆ ವಿಷದ ನಡೆ ಸ್ಪಷ್ಟವಾಗುತ್ತದೆ. ಐದಾರು ವರ್ಷದ ಮಗುವಿಗೆ ಸಂಜೆ ಏಳರ ಹೊತ್ತಿಗೆ ಕುಟುಕಿದೆ ಎಂದುಕೊಳ್ಳೋಣ. ಮೊದಲು ಉರಿ, ಅಳು. ಅರ್ಧ ಗಂಟೆಯೋ ಒಂದು ಗಂಟೆಯೋ ಕಳೆಯುವಷ್ಟರಲ್ಲಿ ವಾಂತಿ ಶುರುವಾಗುತ್ತದೆ. ಮೈಯಿಂದ ಬೆವರು ಹರಿದು ಅಂಗಿ ಹಿಂಡುವಂತಾಗುತ್ತದೆ. ಬಾಯಿಂದ ಎಳೆಎಳೆಯಾಗಿ ಜೊಲ್ಲು ಇಳಿಯುತ್ತದೆ. ಗಂಡುಮಗುವಾದರೆ ಜನನೇಂದ್ರಿಯ ಬಿಗಿಯುತ್ತದೆ. ಆಮೇಲೆ ಅಂಗೈ ಅಂಗಾಲುಗಳು ತಣ್ಣಗಾಗತೊಡಗುತ್ತವೆ. ಮುಟ್ಟಿದರೆ ನೀರಿನಲ್ಲಿಟ್ಟ ಕಲ್ಲನ್ನು ಮುಟ್ಟಿದಂತೆ. ರಕ್ತದೊತ್ತಡ ಏರುತ್ತದೆ, ನಾಡಿ ಓಡುತ್ತದೆ. ಇನ್ನೂ ಕೆಲವು ಗಂಟೆಗಳಲ್ಲಿ ಕೆಮ್ಮು, ಏದುಸಿರು. ಕೊನೆಗೆ ಬಾಯಿಮೂಗಿನಲ್ಲಿ ತೆಳುಗೆಂಪು ನೊರೆ. ಅದು ಶ್ವಾಸಕೋಶದೊಳಗೆ ನೀರು ತುಂಬಿದ ಗುರುತು. ಚಿಕಿತ್ಸೆ ಇಲ್ಲದ ದಿನಗಳಲ್ಲಿ ಬಹುಪಾಲು ಸಾವು ಸಂಭವಿಸುತ್ತಿದ್ದುದು ಈ ಘಟ್ಟದಲ್ಲೇ.

ಒಳಗೆ ಆಗುವುದೇನು? ನರಕೋಶಗಳ ಪೊರೆಯಲ್ಲಿ ಸೋಡಿಯಂ ಒಳಬರುವ ಪುಟ್ಟ ದ್ವಾರಗಳಿವೆ. ಸಂಕೇತವೊಂದು ಹಾದುಹೋದ ಕೂಡಲೇ ಅವು ಮುಚ್ಚಿಕೊಳ್ಳಬೇಕು. ಚೇಳಿನ ವಿಷದಲ್ಲಿರುವ ಸಣ್ಣ ಪ್ರೋಟೀನುಗಳು ಅವನ್ನು ಬೇಗ ಮುಚ್ಚಲು ಬಿಡುವುದಿಲ್ಲ. ಆಗ ನಮ್ಮ ಹಿಡಿತಕ್ಕೆ ಸಿಗದ ಸ್ವಾಯತ್ತ ನರವ್ಯೂಹ ಒಂದೇ ಸಮನೆ ಮಿಡಿಯುತ್ತದೆ. ವಾಂತಿ, ಬೆವರು, ಜೊಲ್ಲು ಅದರ ಮೊದಲ ಅಲೆ. ಎರಡನೆಯ ಅಲೆಯಲ್ಲಿ ಅಡ್ರಿನಲಿನ್, ನಾರ್‌ಅಡ್ರಿನಲಿನ್‌ಗಳು ರಕ್ತಕ್ಕೆ ನುಗ್ಗುತ್ತವೆ, ರಕ್ತನಾಳಗಳು ಬಿಗಿದುಕೊಳ್ಳುತ್ತವೆ, ಹೃದಯ ಆ ಬಿಗಿತದ ವಿರುದ್ಧ ರಕ್ತ ತಳ್ಳಿ ತಳ್ಳಿ ಸೋಲುತ್ತದೆ, ಅದು ತಳ್ಳಲಾರದೆ ಉಳಿದ ರಕ್ತದ ಒತ್ತಡಕ್ಕೆ ಶ್ವಾಸಕೋಶದಲ್ಲಿ ನೀರು ಜಿನುಗುತ್ತದೆ. ಚೇಳು ಚುಚ್ಚುವ ವಿಷದ ಪ್ರಮಾಣ ದೊಡ್ಡವರಿಗೂ ಮಕ್ಕಳಿಗೂ ಒಂದೇ. ಮಗುವಿನ ಮೈತೂಕ ಕಡಿಮೆಯಾದ್ದರಿಂದ ಅದೇ ವಿಷ ಅದಕ್ಕೆ ಹಲವು ಪಟ್ಟು ಹೊರೆಯಾಗುತ್ತದೆ.

ಈ ವಿವರಣೆಯಲ್ಲಿ ನಾಟಿ ಚಿಕಿತ್ಸೆಯ ಕೀರ್ತಿಗೂ ಉತ್ತರವಿದೆ. ಕೊಂಕಣದಲ್ಲಿ ಇರುವಂತೆ ನಮ್ಮಲ್ಲೂ ಚೇಳಿನ ಮಂತ್ರ ಬಲ್ಲವರಿದ್ದಾರೆ. ಉತ್ತರಾಣಿ ಬೇರು ಅರೆದು ಹಚ್ಚುತ್ತಾರೆ, ಹುಣಸೆ ಬೀಜವನ್ನು ಕಲ್ಲಿಗೆ ತೇದು ಕುಟುಕಿದ ಜಾಗಕ್ಕೆ ಅಂಟಿಸುತ್ತಾರೆ. ಬಹಳಷ್ಟು ಕುಟುಕುಗಳಲ್ಲಿ ನೋವಿನ ಹೊರತು ಬೇರೇನೂ ಆಗುವುದಿಲ್ಲ, ಒಂದು ದಿನದೊಳಗೆ ಆ ನೋವೂ ತಾನಾಗಿ ಇಳಿಯುತ್ತದೆ; ಇಳಿದದ್ದರ ಶ್ರೇಯಸ್ಸು ಬೀಜಕ್ಕೋ ಮಂತ್ರಕ್ಕೋ ಸಲ್ಲುತ್ತದೆ. ಹಚ್ಚುವವರಲ್ಲಿ ಕಪಟವಿಲ್ಲ, ಹಚ್ಚಿಸಿಕೊಂಡವರು ಮೂರ್ಖರೂ ಅಲ್ಲ. ತೊಂದರೆ ಇರುವುದು ಉಳಿದ ಕೆಲವರ ವಿಷಯದಲ್ಲಿ. ಕುಟುಕಿದ ಜಾಗದ ನೋವಿಗೂ ಜೀವಾಪಾಯಕ್ಕೂ ನೇರ ಸಂಬಂಧವಿಲ್ಲ. ನೋವಿನಿಂದ ಕಿರುಚುತ್ತಿರುವ, ಕೈಕಾಲು ಬೆಚ್ಚಗಿರುವ ಮಗುವಿಗಿಂತ ಸುಮ್ಮನಾಗಿ ಬೆವರುತ್ತಿರುವ, ವಾಂತಿ ಮಾಡಿಕೊಂಡ ಮಗು ಹೆಚ್ಚು ಅಪಾಯದಲ್ಲಿದೆ. ನೋವು ನೋಡಿ ಕಾಯುವವರು ಈ ಎರಡನೆಯ ಮಗುವಿನ ಅತ್ಯಮೂಲ್ಯವಾದ ಎರಡು ಗಂಟೆಗಳನ್ನು ಕಳೆದುಬಿಡುತ್ತಾರೆ.

ಬಿರವಾಡಿಯಿಂದ ಮಾತ್ರೆಯವರೆಗೆ

1976ರಲ್ಲಿ ಮಹಾಡ್ ಬಳಿಯ ಬಿರವಾಡಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹಿಮ್ಮತರಾವ್ ಬಾವಸ್ಕರ್ ಎಂಬ ಯುವ ವೈದ್ಯರು ಬಂದರು. ಜಾಲನಾ ಜಿಲ್ಲೆಯ ಹಳ್ಳಿಯಲ್ಲಿ ಹುಟ್ಟಿ, ನಾಗಪುರದಲ್ಲಿ ವೈದ್ಯಕೀಯ ಓದಿದವರು. ಚೇಳು ಕುಟುಕಿ ಬಂದವರು ಕಣ್ಣೆದುರಿಗೇ ಸಾಯುತ್ತಿದ್ದರು. ಏಕೆ ಸಾಯುತ್ತಿದ್ದಾರೆ ಎಂಬುದಕ್ಕೆ ಪಠ್ಯಪುಸ್ತಕದಲ್ಲಿ ಕೆಲಸಕ್ಕೆ ಬರುವ ಉತ್ತರವಿರಲಿಲ್ಲ. ಅವರು ಮಾಡಿದ ಕೆಲಸ ಕೇಳಲು ಸರಳ, ಮಾಡಲು ಕಷ್ಟ. ರೋಗಿಯ ಪಕ್ಕದಲ್ಲಿ ಕೂತು ನಾಡಿ, ರಕ್ತದೊತ್ತಡ, ಉಸಿರು, ಕೈಕಾಲಿನ ಶಾಖ ಎಲ್ಲವನ್ನೂ ಮತ್ತೆ ಮತ್ತೆ ಅಳೆದು ಬರೆದಿಟ್ಟರು. ವಾಂತಿ, ಅತಿಯಾದ ಬೆವರು, ಜೊಲ್ಲು, ಜನನೇಂದ್ರಿಯದ ಬಿಗಿತ, ತಣ್ಣನೆಯ ಕೈಕಾಲು, ಇವು ಹೃದಯಕ್ಕೆ ಬರಲಿರುವ ಆಪತ್ತಿನ ಮುನ್ಸೂಚನೆಗಳು ಎಂದು ಅವರು ಬರೆದದ್ದು 1982ರಲ್ಲಿ ಲಂಡನ್ನಿನ ‘ಲಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಈ ಘಟ್ಟಕ್ಕೆ ಸಿಗಬೇಕಾದಷ್ಟು ಮನ್ನಣೆ ಸಿಕ್ಕಿಲ್ಲವೆಂದು ನನಗೆ ಅನ್ನಿಸುತ್ತದೆ. ಎಲ್ಲರೂ ಮಾತ್ರೆಯ ಕಥೆ ಹೇಳುತ್ತಾರೆ. ಆದರೆ ಯಾರಿಗೆ ಯಾವಾಗ ಕೊಡಬೇಕು ಎಂಬುದನ್ನು ತೋರಿಸಿದ ಈ ಪಟ್ಟಿ ಇಲ್ಲದಿದ್ದರೆ ಮಾತ್ರೆ ಸಿಕ್ಕರೂ ತಡವಾಗಿಯೇ ಸಿಗುತ್ತಿತ್ತು.

ಪುಣೆಯಲ್ಲಿ ಸ್ನಾತಕೋತ್ತರ ಓದು ಮುಗಿಸಿದ ಬಾವಸ್ಕರ್ ನಗರದಲ್ಲಿ ಉಳಿಯದೆ ಕೊಂಕಣಕ್ಕೆ ಮರಳಿದರು. ಬಿಗಿದ ರಕ್ತನಾಳಗಳನ್ನು ಸಡಿಲಿಸಿದರೆ ಹೃದಯದ ಹೊರೆ ಇಳಿಯಬೇಕು ಎಂಬ ತರ್ಕದಿಂದ ಮೊದಲು ಸೋಡಿಯಂ ನೈಟ್ರೋಪ್ರಸೈಡ್ ಎಂಬ ಔಷಧಿಯನ್ನು ಪ್ರಯೋಗಿಸಿದರು. ಫಲ ಸಿಕ್ಕಿತು. ಆದರೆ ಅದನ್ನು ಬೆಳಕು ತಾಗದಂತೆ ಮುಚ್ಚಿ, ಹನಿಹನಿಯಾಗಿ ರಕ್ತನಾಳಕ್ಕೆ ಬಿಡುತ್ತಾ, ರಕ್ತದೊತ್ತಡದ ಮೇಲೆ ಸದಾ ಕಣ್ಣಿಟ್ಟಿರಬೇಕು. ರಾತ್ರಿ ಕರೆಂಟು ಹೋಗುವ, ಒಬ್ಬರೇ ದಾದಿ ಇರುವ ಆಸ್ಪತ್ರೆಗೆ ಇದು ಹೊಂದುವ ಔಷಧಿಯಲ್ಲ. ಅದೇ ಕೆಲಸವನ್ನು ಬಾಯಿಯ ಮೂಲಕ ಮಾಡುವ ಮಾತ್ರೆಯೊಂದು ಆಗಲೇ ರಕ್ತದೊತ್ತಡಕ್ಕೆಂದು ಬಳಕೆಯಲ್ಲಿತ್ತು. ಅದು ಪ್ರಜೋಸಿನ್. ನಾರ್‌ಅಡ್ರಿನಲಿನ್ ರಕ್ತನಾಳಗಳನ್ನು ಬಿಗಿಯುವುದು ಅವುಗಳ ಗೋಡೆಯಲ್ಲಿ ಅದರ ಸಂಕೇತವನ್ನು ಹಿಡಿಯುವ ಆಲ್ಫಾ ಗ್ರಾಹಕಗಳ ಮೂಲಕ. ಪ್ರಜೋಸಿನ್ ಆ ಗ್ರಾಹಕಗಳನ್ನೇ ತಡೆಯುತ್ತದೆ. 1986ರಲ್ಲಿ ಇದರ ಫಲಿತಾಂಶವೂ ‘ಲಾನ್ಸೆಟ್’ನಲ್ಲಿ ಬಂತು. ಮುಂದಿನ ಅಧ್ಯಯನಗಳಲ್ಲಿ ಅವರ ಪತ್ನಿ ಡಾ. ಪ್ರಮೋದಿನಿ ಬಾವಸ್ಕರ್ ಸಹಲೇಖಕಿ. ಮಹಾಡ್‌ನ ಆಸ್ಪತ್ರೆ ಇಬ್ಬರ ದುಡಿಮೆಯದು. 2022ರಲ್ಲಿ ಹಿಮ್ಮತರಾವ್ ಅವರಿಗೆ ಪದ್ಮಶ್ರೀ ಬಂತು.

ಮಾತ್ರೆಯ ಲೆಕ್ಕವನ್ನು ಹತ್ತಿರದಿಂದ ನೋಡೋಣ. ಮಕ್ಕಳಿಗೆ ಮೈತೂಕದ ಪ್ರತಿ ಕಿಲೋಗ್ರಾಂಗೆ 30 ಮೈಕ್ರೋಗ್ರಾಂ. 15 ಕಿಲೋ ತೂಕದ ಮಗುವಿಗೆ 450 ಮೈಕ್ರೋಗ್ರಾಂ, ಅಂದರೆ 1 ಮಿಲಿಗ್ರಾಂ ಮಾತ್ರೆಯ ಸುಮಾರು ಅರ್ಧ. ಕೈಕಾಲು ಬೆಚ್ಚಗಾಗುವವರೆಗೆ ಮೂರು ಗಂಟೆಗೊಮ್ಮೆ ಮರಳಿ ಕೊಡುತ್ತಾರೆ. ವಾಂತಿ ನಿಲ್ಲದಿದ್ದರೆ ಮೂಗಿನ ನಳಿಗೆಯ ಮೂಲಕ ಹೊಟ್ಟೆಗೆ ಇಳಿಸುತ್ತಾರೆ. ಬೆವರಿ, ವಾಂತಿ ಮಾಡಿ ಕಳೆದುಕೊಂಡ ನೀರನ್ನು ತುಂಬಿಕೊಡಬೇಕು. ಇದೆಲ್ಲ ವೈದ್ಯರ ಕೈಕೆಳಗೆ ನಡೆಯಬೇಕಾದ ಕೆಲಸ, ಏಕೆಂದರೆ ಮೊದಲ ಗುಟುಕಿಗೇ ರಕ್ತದೊತ್ತಡ ಥಟ್ಟನೆ ಕುಸಿಯಬಹುದು. ಮಗುವನ್ನು ಮಲಗಿಸಿಯೇ ಇರಬೇಕು. ಅಳುವ ಮಗುವನ್ನು ಎತ್ತಿ ಹೆಗಲಿಗೆ ಹಾಕಿಕೊಳ್ಳುವುದು ಯಾವ ತಾಯಿಗಾದರೂ ಸಹಜ. ಈ ಕೆಲವು ಗಂಟೆಗಳಲ್ಲಿ ಮಾತ್ರ ಹಾಗೆ ಮಾಡಬಾರದೆಂದು ಆಕೆಗೆ ಯಾರಾದರೂ ಕೂತು ಬಿಡಿಸಿ ಹೇಳಬೇಕು.

ಏನು ಕೊಡಬಾರದು ಎಂಬುದೂ ಇಷ್ಟೇ ಮುಖ್ಯ. ಬೆವರು ಜೊಲ್ಲು ನಿಲ್ಲಿಸಲೆಂದು ಅಟ್ರೋಪಿನ್ ಚುಚ್ಚಿದರೆ ಹೃದಯದ ಓಟಕ್ಕಿದ್ದ ಕಡಿವಾಣವೂ ಕಳಚುತ್ತದೆ. ಅಲರ್ಜಿಯ ಇಂಜೆಕ್ಷನ್‌ನಿಂದಾಗಲಿ ಸ್ಟೀರಾಯ್ಡ್‌ನಿಂದಾಗಲಿ ಪ್ರಯೋಜನವಿಲ್ಲ. ಆದರೂ ಹಳ್ಳಿಯ ಚಿಕಿತ್ಸಾಲಯಗಳಲ್ಲಿ ಮೊದಲು ಕೈಗೆ ಬರುವುದು ಅವೇ. ಹಾವಿನ ವಿಷಕ್ಕೆಂದು ಇಟ್ಟ ಪ್ರತಿವಿಷ ಚೇಳಿನ ವಿಷಕ್ಕೆ ಕೆಲಸ ಮಾಡುವುದಿಲ್ಲ. ಬರೀ ನೋವಿದ್ದವರಿಗೆ ಕುಟುಕಿದ ಜಾಗದ ಸುತ್ತ ಮರಗಟ್ಟಿಸುವ ಲಿಗ್ನೊಕೇನ್ ಚುಚ್ಚಿದರೆ ಸಾಕು, ಆದರೆ ಅವರನ್ನೂ ಕೆಲವು ಗಂಟೆ ಕಣ್ಣೆದುರು ಇಟ್ಟುಕೊಳ್ಳಬೇಕು.

ಪುರಾವೆಯ ತೂಕ

ನೂರಕ್ಕೆ ಮೂವತ್ತರಿಂದ ನೂರಕ್ಕೆ ಒಂದಕ್ಕೆ ಎಂಬ ಮಾತನ್ನು ಎಚ್ಚರದಿಂದ ಓದಬೇಕು. ಇದು 1984ಕ್ಕೆ ಮುಂಚಿನ ರೋಗಿಗಳನ್ನೂ ಆಮೇಲಿನ ರೋಗಿಗಳನ್ನೂ ಪಕ್ಕಪಕ್ಕ ಇಟ್ಟ ಹೋಲಿಕೆ. ನಡುವಿನ ವರ್ಷಗಳಲ್ಲಿ ರಸ್ತೆ ಬಂದಿದೆ, ಜೀಪು ಬಂದಿದೆ, ಜನ ಆಸ್ಪತ್ರೆಗೆ ಬೇಗ ಬರಲು ಕಲಿತಿದ್ದಾರೆ. ಸಾವು ಇಳಿದದ್ದರಲ್ಲಿ ಇವುಗಳ ಪಾಲೂ ಇರಲೇಬೇಕು. ಆದರೂ ವಿಷದ ನಡೆಗೂ ಔಷಧಿಯ ನಡೆಗೂ ಬೀಗಕ್ಕೆ ಬೀಗದಕೈ ಕೂಡಿದಂಥ ಹೊಂದಿಕೆ ಇರುವುದರಿಂದ, ಬೇರೆ ಬೇರೆ ಊರಿನ ವೈದ್ಯರಿಗೂ ಅದೇ ಫಲ ಸಿಕ್ಕಿರುವುದರಿಂದ, ಇಳಿಕೆಯ ದೊಡ್ಡ ಪಾಲು ಪ್ರಜೋಸಿನ್‌ನದೇ ಎಂಬ ತೀರ್ಮಾನವನ್ನು ನಾನು ಒಪ್ಪುತ್ತೇನೆ.

ಮುಂದಿನ ಪ್ರಶ್ನೆ ಪ್ರತಿವಿಷದ್ದು. ಮುಂಬೈಯ ಹಾಫ್‌ಕಿನ್ ಸಂಸ್ಥೆಯ ಪರಂಪರೆಯಲ್ಲಿ ಕೆಂಪು ಚೇಳಿನ ವಿಷಕ್ಕೇ ಮೀಸಲಾದ ಪ್ರತಿವಿಷ ಸಿದ್ಧವಾಯಿತು. ಈ ಬಾರಿ ಬಾವಸ್ಕರ್ ದಂಪತಿ ಹಿಂದಿನ ಕಾಲದ ಹೋಲಿಕೆಗೆ ನಿಲ್ಲಲಿಲ್ಲ. ಸ್ವಾಯತ್ತ ನರವ್ಯೂಹದ ಲಕ್ಷಣಗಳಿದ್ದ, ಆದರೆ ಶ್ವಾಸಕೋಶಕ್ಕೆ ಇನ್ನೂ ನೀರು ಬಾರದ 70 ರೋಗಿಗಳನ್ನು ಯಾದೃಚ್ಛಿಕವಾಗಿ, ಅಂದರೆ ಚೀಟಿ ಎತ್ತಿದಂತೆ, ಎರಡು ಗುಂಪು ಮಾಡಿ, ಒಂದಕ್ಕೆ ಪ್ರಜೋಸಿನ್ ಮಾತ್ರ, ಇನ್ನೊಂದಕ್ಕೆ ಪ್ರಜೋಸಿನ್ ಜೊತೆ ಪ್ರತಿವಿಷ ಕೊಟ್ಟರು. 2011ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಬಂದ ಫಲಿತಾಂಶ ಹೀಗಿದೆ: ಹತ್ತು ಗಂಟೆಗಳೊಳಗೆ ಪೂರ್ಣ ಚೇತರಿಸಿಕೊಂಡವರು ಜೋಡಿ ಚಿಕಿತ್ಸೆಯ 35 ಜನರಲ್ಲಿ 32, ಮಾತ್ರೆಯೊಂದನ್ನೇ ಪಡೆದ 35 ಜನರಲ್ಲಿ 8. ಒಂದೇ ಆಸ್ಪತ್ರೆಯ ಅಧ್ಯಯನ, ಯಾರಿಗೆ ಏನು ಕೊಟ್ಟಿದ್ದಾರೆಂದು ವೈದ್ಯರಿಗೆ ಗೊತ್ತಿದ್ದ ಅಧ್ಯಯನ. ಆದರೂ ಅಂತರ ಕಣ್ಣಿಗೆ ಹೊಡೆಯುವಷ್ಟಿದೆ. 2014ರಲ್ಲಿ ಪುದುಚೇರಿಯಲ್ಲಿ ಮಕ್ಕಳ ಮೇಲೆ ನಡೆದ ಅಧ್ಯಯನವೂ ಜೋಡಿ ಚಿಕಿತ್ಸೆಯ ಪರವಾಗಿಯೇ ಬಂತು. ಪ್ರತಿವಿಷ ರಕ್ತದಲ್ಲಿ ತಿರುಗುತ್ತಿರುವ ವಿಷವನ್ನು ಹಿಡಿದು ಕಟ್ಟುತ್ತದೆ. ಆಗಲೇ ಬಿಡುಗಡೆಯಾದ ಅಡ್ರಿನಲಿನ್ ಮಾಡುತ್ತಿರುವ ಹಾನಿಯನ್ನು ತಡೆಯಬೇಕಾದದ್ದು ಪ್ರಜೋಸಿನ್. ಬೇಗ ಬಂದವರಿಗೆ ಎರಡೂ ಬೇಕು. ತಡವಾಗಿ ಬಂದವರ ವಿಷಯದಲ್ಲಿ ಭಾರವೆಲ್ಲ ಮಾತ್ರೆಯ ಮೇಲೆ ಬೀಳುತ್ತದೆ.

ನಮ್ಮ ಕಡೆಗೆ

ಕೆಂಪು ಚೇಳಿನ ಹರವು ಕೊಂಕಣಕ್ಕೆ ಸೀಮಿತವಲ್ಲ. ಸೌರಾಷ್ಟ್ರ, ಆಂಧ್ರ, ತಮಿಳುನಾಡುಗಳ ಜೊತೆ ಕರ್ನಾಟಕವೂ ಅದರ ನೆಲ. ಚೇಳಿನ ಭಯ ನಮ್ಮ ಭಕ್ತಿಯೊಳಗೂ ಇಳಿದಿದೆ. ಕೋಲಾರದ ಕೋಲಾರಮ್ಮನ ಗುಡಿಯಲ್ಲಿ ಚೇಳಮ್ಮನಿಗೆ ಹರಕೆ ಹೊತ್ತರೆ ಚೇಳಿನ ಕಾಟವಿಲ್ಲ ಎಂದು ಜನ ನಂಬುತ್ತಾರೆ. ಯಾದಗಿರಿ ಜಿಲ್ಲೆಯ ಕಂದಕೂರಿನ ಬೆಟ್ಟದಲ್ಲಿ ನಾಗಪಂಚಮಿಯ ದಿನ ಮಕ್ಕಳು ಮುದುಕರೆನ್ನದೆ ಚೇಳುಗಳನ್ನು ಹಿಡಿದು ಅಂಗೈ, ತೋಳುಗಳ ಮೇಲೆ ಬಿಟ್ಟುಕೊಳ್ಳುತ್ತಾರೆ. ಆ ದಿನ ಅವು ಕುಟುಕುವುದಿಲ್ಲ ಎಂಬುದು ನಂಬಿಕೆ. ಆ ನಂಬಿಕೆಯೊಡನೆ ಜಗಳಕ್ಕೆ ನಿಲ್ಲುವುದು ನನ್ನ ಉದ್ದೇಶವಲ್ಲ. ವರ್ಷದ ಉಳಿದ ದಿನಗಳಲ್ಲಿ ಅದೇ ಊರುಗಳ ಕಲ್ಲಿನ ಗೋಡೆ, ಕಟ್ಟಿಗೆಯ ಒಟ್ಟಿಲು, ತೊಗರಿ ಕಣಗಳಲ್ಲಿ ಕೈಹಾಕುವವರಿಗೆ ರಾತ್ರಿ ಹತ್ತಕ್ಕೆ ಯಾವ ಬಾಗಿಲು ತೆರೆದಿದೆ ಎಂಬುದು ನನ್ನ ಪ್ರಶ್ನೆ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದ್ದು ಒಳ್ಳೆಯ ಹೆಜ್ಜೆ. ಎಲ್ಲ ಆಸ್ಪತ್ರೆಗಳೂ ಲೆಕ್ಕ ಕೊಡುವ ಆ ವ್ಯವಸ್ಥೆಯಲ್ಲೇ ಚೇಳಿಗೂ ಒಂದು ಸಾಲು ಬೇಕು. ಯಾವ ತಾಲ್ಲೂಕಿನಲ್ಲಿ, ಯಾವ ತಿಂಗಳಲ್ಲಿ, ಯಾವ ವಯಸ್ಸಿನವರಿಗೆ ಎಂದು ಗೊತ್ತಾಗದೆ ಔಷಧಿಯನ್ನು ಎಲ್ಲಿಗೆ ಕಳಿಸುವುದು?

ಔಷಧಿಯ ವಿಷಯಕ್ಕೆ ಬಂದರೆ ಮಹಾಡ್‌ನಲ್ಲಿ ಯಾರೂ ಊಹಿಸಿರದ ಒಂದು ತೊಡಕು ಈಗ ಎದುರಾಗಿದೆ. ಪ್ರಜೋಸಿನ್ ಚೇಳಿಗೆಂದು ತಯಾರಾದದ್ದಲ್ಲ. ರಕ್ತದೊತ್ತಡದ ರೋಗಿಗಳು ಕೊಳ್ಳುತ್ತಿದ್ದರೆಂದು ಅಂಗಡಿಯಲ್ಲಿರುತ್ತಿತ್ತು. ಅದೇ ಗುಂಪಿನ ಡಾಕ್ಸಜೋಸಿನ್ ಪಡೆದವರಲ್ಲಿ ಹೃದಯ ವೈಫಲ್ಯ ಹೆಚ್ಚೆಂದು ಅಮೆರಿಕದ ದೊಡ್ಡ ಪ್ರಯೋಗವೊಂದು 2000ದಲ್ಲಿ ತೋರಿಸಿದ ಮೇಲೆ ಈ ಗುಂಪಿನ ಮಾತ್ರೆಗಳು ರಕ್ತದೊತ್ತಡದ ಮೊದಲ ಆಯ್ಕೆಯಾಗಿ ಉಳಿಯಲಿಲ್ಲ. ದಿನಕ್ಕೊಂದು ನುಂಗಿದರೆ ಸಾಕಾಗುವಂತೆ ಔಷಧಿಯನ್ನು ನಿಧಾನವಾಗಿ ಬಿಡುವ, 2.5 ಮತ್ತು 5 ಮಿಲಿಗ್ರಾಂ ಗಾತ್ರದ ಮಾತ್ರೆಗಳು ಅಂಗಡಿಗೆ ಬಂದಿವೆ. ಅವನ್ನು ಮುರಿದು ಅಳತೆ ಮಾಡುವಂತಿಲ್ಲ. ನುಂಗಿಸಿದರೆ ಬೇಕಾದ ಹೊತ್ತಿಗೆ ಕೆಲಸ ಮಾಡುವುದಿಲ್ಲ. ಪುಡಿ ಮಾಡಿ ನಳಿಗೆಯಲ್ಲಿ ಬಿಟ್ಟರೆ ಇಡೀ ದಿನದ ಔಷಧಿ ಒಮ್ಮೆಲೇ ಇಳಿಯುತ್ತದೆ. ಆದ್ದರಿಂದ ಆರೋಗ್ಯ ಕೇಂದ್ರದ ಬೇಡಿಕೆ ಪಟ್ಟಿಯಲ್ಲಿ ಬರೀ ‘ಪ್ರಜೋಸಿನ್’ ಎಂದು ಬರೆದರೆ ಸಾಲದು. ‘1 ಮಿಲಿಗ್ರಾಂ, ಸಾದಾ ಮಾತ್ರೆ’ ಎಂದು ಬಿಡಿಸಿ ಬರೆಯಬೇಕು, ಬಂದ ಡಬ್ಬಿಯನ್ನು ತೆರೆದು ಹೆಸರಿನ ಮುಂದೆ ನಿಧಾನವಾಗಿ ಬಿಡುವ ಮಾತ್ರೆಯೆಂದು ಸೂಚಿಸುವ ಅಕ್ಷರಗಳಿವೆಯೇ ಎಂದು ಓದಿ ನೋಡಬೇಕು, ಮತ್ತು ಅದು ರಾತ್ರಿ ಪಾಳಿಯ ದಾದಿಗೆ ಬೀಗದಕೈ ಹುಡುಕದೆ ಸಿಗುವ ಕಪಾಟಿನಲ್ಲಿರಬೇಕು.